ಪುಟ ಮುಗಿಯುವ ತನಕ ತಿದ್ದಬಾರದು

ಸಂಡೂರು,
ಮಂಗಳವಾರ, 18 ನವೆಂಬರ್ 2025

ಮಗಳು ಭವ್ಯಳಿಗೆ ಅಮ್ಮನ ಆಶೀರ್ವಾದ.

ಕಾಗದದಲ್ಲಿ ಮೊದಲು ಆಶೀರ್ವಾದ, ಆಮೇಲೆ ಕ್ಷೇಮಸಮಾಚಾರ, ಅದಾದ ಮೇಲೆ ವಿಷಯ ಎಂದು ನಿನ್ನ ಆರನೇ ಕ್ಲಾಸಿನ ಪುಸ್ತಕದಲ್ಲಿ ನಾವಿಬ್ಬರೂ ಓದಿದ್ದೆವು. ಆಶೀರ್ವಾದ ಬರೆದಾಯಿತು. ಕ್ಷೇಮವನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ. ನಿನ್ನೆ ಫೋನಿನಲ್ಲಿ ನೀನು, ಭಾನುವಾರ ಬರುತ್ತೀಯೋ ಇಲ್ಲವೋ ಅಷ್ಟು ಹೇಳಮ್ಮ, ಬರುವುದಿಲ್ಲ ಎಂದರೆ ಒಬ್ಬಳೇ ಓದಿಕೊಳ್ಳುತ್ತೇನೆ ಎಂದೆ. ನಾನು ಫೋನು ಇಟ್ಟುಬಿಟ್ಟೆ. ಯಾಕೆ ಇಟ್ಟೆ ಎಂದು ನಿನ್ನ ಅಪ್ಪ ಕೇಳಿದ್ದಕ್ಕೆ ಒಲೆಯ ಮೇಲೆ ಹಾಲಿದೆ ಎಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಫೋನಿನಲ್ಲಿ ನಾವು ಮಾತಾಡುವುದು ತೆಲುಗಿನಲ್ಲಿ. ತೆಲುಗಿನಲ್ಲಿ ಜಗಳಕ್ಕೆ ಇಳಿದರೆ ನಾನೇ ಗೆಲ್ಲುತ್ತೇನೆ. ಕೋಪ ಬಂದರೆ ನಿನಗೆ ತೆಲುಗು ಸಾಲದೆ ಕನ್ನಡಕ್ಕೆ ಹೋಗುತ್ತೀಯ, ಅದೂ ಸಾಲದಿದ್ದರೆ ಅಳುತ್ತೀಯ. ಹಾಗೆ ಗೆದ್ದು ನನಗೆ ಆಗಬೇಕಾದದ್ದು ಏನೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ, ಅದೂ ನಿನ್ನ ಕನ್ನಡದಲ್ಲಿ. ತೆಲುಗಿನಲ್ಲಿ ಬರೆದರೆ ನಿನಗೆ ಓದಲು ಬರುವುದಿಲ್ಲ. ನಿನ್ನ ಅಕ್ಷರಗಳನ್ನು ನಾನು ಕಲಿತೆ. ನಿನ್ನ ಅಕ್ಷರಗಳನ್ನೂ ಕಲಿಸಮ್ಮ ಎಂದು ನೀನು ಇದುವರೆಗೂ ಕೇಳಿಲ್ಲ. ಇದು ದೂರೇ, ಬೇರೇನೂ ಅಲ್ಲ. ಅಂಚೆಗೆ ಹಾಕಿದರೆ ಭಾನುವಾರ ಕಳೆದ ಮೇಲೆ ಸಿಕ್ಕೀತು ಎಂದು ನಿನ್ನ ಶಾಲೆಯ ರೇಣುಕಾದೇವಿ ಮೇಡಂ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಅವರು ಗುರುವಾರ ಹೊಸಪೇಟೆಗೆ ಬರುತ್ತಾರೆ. ಕವರಿನ ಬಾಯಿಯನ್ನು ಅನ್ನದ ಗಂಜಿಯಿಂದ ಅಂಟಿಸುತ್ತೇನೆ. ಅಂಟಿಸದಿದ್ದರೂ ಅವರು ಬಿಚ್ಚುವವರಲ್ಲ.

ನಿನ್ನ ಪುಸ್ತಕ ಬಿಡುಗಡೆಯ ಕಾರ್ಡು ಬಂದಿದೆ. ನಿನ್ನ ಹೆಸರಿನ ಕೆಳಗೆ ನನ್ನ ಹೆಸರನ್ನೂ ಹಾಕಿಸಿದ್ದೀಯ, 'ತಾಯಿ ಸುವರ್ಣಮ್ಮನವರೊಂದಿಗೆ ಒಂದು ಪುಟದ ಓದು' ಎಂದು. ನಿನ್ನ ಹೆಸರು ಯಾವುದು, ನನ್ನದು ಯಾವುದು ಎಂದು ನಿನ್ನ ಅಪ್ಪ ನನ್ನಿಂದ ಬೆರಳಿಟ್ಟು ತೋರಿಸಿಕೊಂಡರು. ಆಮೇಲೆ ಅದನ್ನು ಜೇಬಿನಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಗಣಿಯ ಗೇಟಿನವರೆಗೆ ಎಲ್ಲರಿಗೂ ಅದೇ ರೀತಿ ಬೆರಳಿಟ್ಟು ತೋರಿಸಿ ಬಂದರು. ಹೊಸ ಅಂಗಿ ಹೊಲಿಸಲು ಹಾಕಿದ್ದಾರೆ. ಮುಂದಿನ ಸಾಲಿನಲ್ಲಿ ಕೂರುತ್ತಾರಂತೆ.

ವೇದಿಕೆಯ ಮೇಲೆ ನಾವಿಬ್ಬರೂ ಓದಬೇಕಾದ ಪುಟ ಯಾವುದು ಎಂದು ನೀನು ಕಾರ್ಡಿನಲ್ಲಿ ಹಾಕಿಸಿಲ್ಲ. ಫೋನಿನಲ್ಲಿ ಹೇಳಿದೆ, 'ಟಿಕೆಟ್' ಕಥೆಯ ಕೊನೆಯ ಪುಟ ಎಂದು. ಅಷ್ಟು ಕಥೆಗಳಿರುವ ಪುಸ್ತಕದಲ್ಲಿ ನಿನಗೆ ಅದೇ ಪುಟ ಸಿಕ್ಕಿತು. ಬರುವುದೋ ಬೇಡವೋ ಎಂದು ನಾನು ಯೋಚಿಸುತ್ತಿರುವುದು ಅದಕ್ಕೇ. ಹೊಟ್ಟೆಯಲ್ಲಿ ಇಟ್ಟುಕೊಂಡು ಬಂದು ಕೂತರೆ ಮುಖ ಹೇಳುತ್ತದೆ, ಆದ್ದರಿಂದ ಎಲ್ಲವನ್ನೂ ಮೊದಲೇ ಬರೆಯುತ್ತೇನೆ.

ನೀನು ಮರೆತಿರುವೆಯೋ ಇಲ್ಲ ಬೇಕೆಂದೇ ಬಿಟ್ಟಿರುವೆಯೋ ತಿಳಿಯದು, ನಿನ್ನ ಪುಸ್ತಕದಲ್ಲಿ ಎಲ್ಲಿಯೂ ನಮ್ಮ ಶನಿವಾರಗಳಿಲ್ಲ. ಕಡಪದ ಕಡೆಯಿಂದ ನಾವು ಸಂಡೂರಿಗೆ ಬಂದಾಗ ನಿನ್ನನ್ನು ಇನ್ನೂ ಒಂದನೇ ಕ್ಲಾಸಿಗೆ ಸೇರಿಸಬೇಕಿತ್ತು. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲ. ನಿನ್ನ ಅಪ್ಪನಿಗೆ ಅದಿರು ಅಗೆಯುವ ಪೊಕ್ಲೇನ್ ಯಂತ್ರ ಓಡಿಸುವ ಕೆಲಸ ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ. ನಾನು ಮನೆ ಬಾಡಿಗೆಗೆ ಕೇಳುತ್ತಾ ಹೊರಟರೆ, ತೆಲುಗಿನಲ್ಲಿ ಮನೆಗೆ 'ಇಲ್ಲು' ಎನ್ನುತ್ತೇವಲ್ಲ, ನಾನು ಇಲ್ಲು ಎಂದರೆ ಆ ಯಜಮಾನ ಇಲ್ಲ ಎಂದ. ಅವನೂ ಮನೆ ಎನ್ನುತ್ತಿದ್ದಾನೆ ಎಂದುಕೊಂಡು ನಾನು ಅವನ ಬಾಗಿಲಲ್ಲೇ ಟ್ರಂಕು ಇಳಿಸಿ ನಿನ್ನನ್ನು ಕೂರಿಸಿದೆ. ಅವನ ಹೆಂಡತಿ ಬಂದು ಕೈಸನ್ನೆ ಮಾಡಿ ಎಬ್ಬಿಸುವ ತನಕ ನಾವು ಅಲ್ಲೇ ಇದ್ದೆವು. ನಿನಗೆ ಅವರು ಒಂದು ಬಾಳೆಹಣ್ಣು ಕೊಟ್ಟರು.

ನೀನು ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ಮನೆಯ ಹೊರಗಿನ ನಿನ್ನ ಬದುಕು ಪೂರಾ ಕನ್ನಡವಾಗಿತ್ತು. ಗೆಳತಿಯರ ಜೊತೆ ನೀನು ನಗುತ್ತಿದ್ದದ್ದು ಯಾಕೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಆಗ ರೇಣುಕಾದೇವಿ ಮೇಡಂ ನನ್ನಂಥ ತಾಯಂದಿರನ್ನು ಶನಿವಾರ ಶಾಲೆಗೆ ಕರೆಸಿದರು. ಮಗು, ತಾಯಿ, ನಡುವೆ ಒಂದು ಪುಸ್ತಕ. ಮಗುವಿನ ಬೆರಳು ಸಾಲಿನ ಕೆಳಗೆ, ತಾಯಿಯ ಬೆರಳು ಮಗುವಿನ ಬೆರಳ ಮೇಲೆ. ಮಗು ಒಂದು ವಾಕ್ಯ ಓದಬೇಕು, ತಾಯಿ ತನಗೆ ತಿಳಿದ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಬೇಕು. ತಾಯಿ ಏನೇ ತಪ್ಪು ಹೇಳಲಿ, ಪುಟ ಮುಗಿಯುವ ತನಕ ಮಗು ತಿದ್ದಬಾರದು. ಯಾಕೆ ಎಂದು ನೀನು ಕೇಳಿದ್ದೆ. ಮೇಡಂ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: "ನಡುವ ತಿದ್ದಿದ್ರ ನಿಮ್ಮವ್ವ ಬಾಯಿ ಮುಚ್ಚಿಬಿಡ್ತಾಳ. ಪುಟ ಮುಗೀಲಿ, ಆಮ್ಯಾಲ ಎಷ್ಟ್ ಬೇಕಾದ್ರೂ ತಿದ್ದು."

ನಾನು ತೆಲುಗಿನಲ್ಲಿ ಏಳನೇ ಕ್ಲಾಸು ಓದಿದವಳು. ಅಕ್ಷರ ಬೇಗ ಹತ್ತಿತು, ಎರಡೂ ಅಕ್ಕತಂಗಿಯರ ಮಕ್ಕಳ ಹಾಗಿವೆ. ಕಷ್ಟ ಕೊಟ್ಟದ್ದು ಮಾತು. ಒಬ್ಬ ಮುದುಕ ತನ್ನ ಮಕ್ಕಳಿಗೆ ಪಾಲು ಕೊಟ್ಟ ಎಂದು ನೀನು ಓದಿದೆ. ತೆಲುಗಿನಲ್ಲಿ ಪಾಲು ಎಂದರೆ ಹಾಲು. ಒಳ್ಳೆಯ ಅಪ್ಪ, ಎಲ್ಲ ಮಕ್ಕಳಿಗೂ ಹಾಲು ಕೊಟ್ಟ ಎಂದೆ. ದೊಡ್ಡ ಮಗ ತನ್ನ ಪಾಲನ್ನು ಮಾರಿದ ಎಂದು ನೀನು ಓದಿದೆ. ದುಡಿಮೆಗಾರ, ಹಾಲು ಮಾರಿ ಸಂಸಾರ ಮಾಡುತ್ತಾನೆ ಎಂದೆ. ಅಣ್ಣ ತಮ್ಮನನ್ನು ಬಡಿದ ಎಂದು ಓದಿದೆ. ಬಡಿ ಎಂದರೆ ನಮ್ಮಲ್ಲಿ ಶಾಲೆ. ಅಣ್ಣ ತಮ್ಮನನ್ನು ಶಾಲೆಗೆ ಸೇರಿಸಿದ ಎಂದೆ. ನೀನು ತುಟಿ ಕಚ್ಚಿಕೊಂಡು ಮೈಯೆಲ್ಲಾ ನಡುಗಿಸುತ್ತಾ ಕೂತಿದ್ದೆ, ನಿನ್ನ ಬೆರಳು ನನ್ನ ಬೆರಳ ಕೆಳಗೆ ಕುಣಿಯುತ್ತಿತ್ತು. ಪುಟ ಮುಗಿದ ಮೇಲೆ ತಿದ್ದಿದೆ. ಹೊಲಕ್ಕಾಗಿ ಅಣ್ಣತಮ್ಮಂದಿರು ಹೊಡೆದಾಡಿದ ಕಥೆಯಂತೆ ಅದು. ನನ್ನ ಕಥೆಯೇ ಚೆನ್ನಾಗಿತ್ತು ಎಂದು ನಾನು ಹೇಳಿದ್ದಕ್ಕೆ ಮೇಡಂ ಕೂಡ ನಕ್ಕರು.

ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ನನ್ನ ಅತ್ತೆ ಎರ್ರೆಮ್ಮ, ಅಂದರೆ ನಿನ್ನ ಅಪ್ಪನ ತಾಯಿ, ಶನಿವಾರ ಬಂತೆಂದರೆ ಮೂಗು ಮುರಿಯುತ್ತಿದ್ದರು. ಮಗಳ ಜೊತೆ ತಾನೂ ಲಂಗ ಹಾಕಿಕೊಂಡು ಶಾಲೆಗೆ ಹೊರಟಳು ನೋಡು ಎಂದು ಬೀದಿಗೆ ಕೇಳುವಂತೆ ಹೇಳುತ್ತಿದ್ದರು. ಕನ್ನಡ ಕಲಿತು ಯಾವ ಕಚೇರಿಗೆ ಹೋಗಬೇಕು ನೀನು ಎಂದು ನಿನ್ನ ಅಪ್ಪ. ಅವರಿಬ್ಬರಿಗೂ ಕನ್ನಡ ಇರಲಿ, ತೆಲುಗಿನ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಕನ್ನಡ ಹೆಚ್ಚಾಯಿತು ಎನ್ನುತ್ತಿದ್ದರು. ನಾನು ಪುಸ್ತಕದ ಕನ್ನಡ ಕಲಿತು ಪಾತ್ರೆ ತೊಳೆಯುವಾಗಲೂ 'ಆದ್ದರಿಂದ' ಎನ್ನುತ್ತೇನೆ ಎಂದು ನೀನೂ ಅಣಕಿಸುತ್ತಿದ್ದೆ. ನಿನ್ನದು ಬೇರೆ, ಅದು ನನಗೆ ಇಷ್ಟವಾಗುತ್ತಿತ್ತು.

ಈಗ ಹೋದ ಶನಿವಾರಕ್ಕೆ ಬರುತ್ತೇನೆ. ಮೇಡಂ ನಿವೃತ್ತಿಯಾಗಿದ್ದರೂ ಶಾಲೆಯ ಜಗುಲಿಯ ಮೇಲೆ ಶನಿವಾರದ ಓದು ನಿಂತಿಲ್ಲ. ಈಗ ಬರುವವರು ಹೆಚ್ಚಾಗಿ ಬಿಹಾರ, ಒಡಿಶಾದ ಹೆಣ್ಣುಮಕ್ಕಳು, ಗಂಡಂದಿರು ಲಾರಿಯಲ್ಲೋ ಕಬ್ಬಿಣದ ಕಾರ್ಖಾನೆಯಲ್ಲೋ ಇರುವವರು. ನಾನು ಅವರ ಪಕ್ಕ ಕೂತು ನನಗೆ ಬರುವ ಹರಕು ಮುರುಕು ಹಿಂದಿಯಲ್ಲಿ ಅರ್ಥ ಹೇಳುತ್ತೇನೆ. ನಮ್ಮ ಪಕ್ಕದ ಮನೆಯ ಕೊಟ್ರಮ್ಮ ಮೊಮ್ಮಗನ ನೆಪ ಹೇಳಿಕೊಂಡು ಬರುತ್ತಾಳೆ, ಬರುವುದು ಮಾತು ಕೇಳಲಿಕ್ಕೆ. ಮೇಡಂ, ಬಿಡುಗಡೆಗೆ ಮೊದಲೇ ತಮಗೆ ಸಿಕ್ಕಿದ್ದ ನಿನ್ನ ಹೊಸ ಪುಸ್ತಕ ತಂದಿದ್ದರು. "ಸುವರ್ಣಮ್ಮ, ಮಗಳು ಬರದ ಕಥಿ ನೀವ ಓದ್ರಿ. ಇವತ್ತು ನಿಮ್ದ ಹಬ್ಬ" ಎಂದರು. ನಾನು ಸೆರಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡೆ. ನಿನ್ನ ಫೋಟೊ ಹಿಂಬದಿಯಲ್ಲಿತ್ತು. ಎಲ್ಲರಿಗೂ ತೋರಿಸಿದೆ.

ಓದಿದ್ದು 'ಟಿಕೆಟ್' ಕಥೆ. ಕಾಲೇಜಿನ ಹುಡುಗಿ ಮನೆಯಲ್ಲಿ ಸ್ಪೆಷಲ್ ಕ್ಲಾಸು ಎಂದು ಸುಳ್ಳು ಹೇಳಿ ಗೆಳತಿಯರ ಜೊತೆ ಹಂಪಿಗೆ ಹೋಗುತ್ತಾಳೆ. ಹೊಳೆಯ ದಂಡೆಯ ಮಂಟಪದಲ್ಲಿ ಕೂತು ತಾವು ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ಜೊತೆಗೆ ಲಿಂಗರಾಜ ಎಂಬ ಹುಡುಗ. ಮೂಸಂಬಿ ಬಿಡಿಸಿ ಎಲ್ಲರಿಗೂ ಕೊಡುತ್ತಾನೆ, ಅವಳಿಗೆ ಮಾತ್ರ ಬೀಜ ತೆಗೆದು ಕೊಡುತ್ತಾನೆ. ಸಂಜೆ ಮನೆಗೆ ಬರುವಾಗ ಅವಳ ಚೂಡಿದಾರದ ಮಡಿಕೆಯಲ್ಲಿ ಹೊಳೆಯ ಮರಳಿರುತ್ತದೆ. ಮರುದಿನ ಅವ್ವ ಬಟ್ಟೆ ಒಗೆಯುವಾಗ ಜೇಬಿನಲ್ಲಿ ಬಸ್ಸಿನ ಟಿಕೆಟ್ ಸಿಗುತ್ತದೆ. ಅವ್ವ ಓದುತ್ತಾಳೆ. ಕಾಲೇಜು ನಿಲ್ಲುತ್ತದೆ, ಸೋದರಮಾವನ ಜೊತೆ ಮದುವೆ ಗೊತ್ತಾಗುತ್ತದೆ, ಹುಡುಗಿ ಕಿಟಕಿಯ ಸರಳಿನ ಮೇಲೆ ಕೂತ ಕೆಂಪು ಧೂಳಿನಲ್ಲಿ ಬೆರಳಿನಿಂದ ಬರೆದು ಅಳಿಸುತ್ತಾ ವರ್ಷ ಕಳೆಯುತ್ತಾಳೆ. ಕೊನೆಯ ಸಾಲು, 'ಓದಿದ್ದು ಸಾಕು, ಅಂದಳು ಅವ್ವ.'

ನಮ್ಮ ಮನೆಯಲ್ಲಿ ನೀನು ನನ್ನನ್ನು ಕರೆಯುವುದು ಅಮ್ಮ ಎಂದು. ಅವ್ವ ಎಂದರೆ ನಮ್ಮ ಕಡಪದ ಮಾತಿನಲ್ಲಿ ಅಜ್ಜಿ. ನೀನು ಅವ್ವ ಎಂದು ಕರೆಯುತ್ತಿದ್ದದ್ದು ಎರ್ರೆಮ್ಮನನ್ನು. ಆದ್ದರಿಂದ ನಾನು ಓದುತ್ತಾ ಓದುತ್ತಾ ಜಗುಲಿಯ ಮೇಲಿನ ಎಲ್ಲರಿಗೂ ಹೇಳಿದೆ, ಈ ಅವ್ವ ನಮ್ಮ ಅತ್ತೆ, ತೀರಿಕೊಂಡು ಆರು ವರ್ಷವಾಯಿತು, ಬದುಕಿರುವ ತನಕ ನನ್ನ ಮಗಳನ್ನು ನೆಮ್ಮದಿಯಾಗಿ ಇರಗೊಡಲಿಲ್ಲ ಎಂದು. ಬಿಹಾರದ ಹುಡುಗಿಯೊಬ್ಬಳು ಕಣ್ಣು ಒರೆಸಿಕೊಂಡಳು. ಅವಳಿಗೂ ಅತ್ತೆ ಇದ್ದಾಳಲ್ಲ. ಕೊನೆಯ ಸಾಲನ್ನು ನಾನು ಎರ್ರೆಮ್ಮನ ದನಿಯಲ್ಲೇ ಓದಿದೆ, ಸ್ವಲ್ಪ ಮೂಗಿನಿಂದ. ಮೇಡಂ ತಲೆ ಎತ್ತಲಿಲ್ಲ.

ಆಗ ಕೊಟ್ರಮ್ಮ ಬಾಯಿಯ ಎಲೆಅಡಿಕೆ ಪಕ್ಕಕ್ಕೆ ಸರಿಸಿಕೊಂಡು ಕೇಳಿದಳು: "ಅಲ್ಲವಾ ಸುವರ್ಣಮ್ಮ, ಎರ್ರೆಮ್ಮಗ ಓದಾಕ ಎಲ್ಲಿ ಬರ್ತಿತ್ತು? ರೇಷನ್ ಅಂಗಡ್ಯಾಗ ಹೆಬ್ಬೆಟ್ಟು ಒತ್ತತಿದ್ಲು. ಟಿಕೆಟ್ ಹ್ಯಾಂಗ ಓದಿದ್ಲು ಆಕಿ?"

ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. ಆ ಮನೆಯಲ್ಲಿ ಕನ್ನಡ ಓದಲು ಬರುತ್ತಿದ್ದವರು ನೀನು ಬಿಟ್ಟರೆ ನಾನೊಬ್ಬಳೇ ಎಂದು ಜಗುಲಿಗೆ ಜಗುಲಿಯೇ ತಿಳಿದುಕೊಂಡಿತು. ಮೇಡಂ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, "ಕೊಟ್ರಮ್ಮ, ಪುಟ ಇನ್ನೂ ಮುಗದಿಲ್ಲ, ಸುಮ್ಕ ಕುಂದ್ರು" ಎಂದರು. ಪುಟ ಮುಗಿದಿತ್ತು, ಭವ್ಯ. ಕೆಳಗೆ ಬರಿ ಬಿಳಿ ಕಾಗದವಿತ್ತು. ನಾನು ತಲೆ ನೋವು ಎಂದು ಎದ್ದು ಬಂದೆ. ಅವತ್ತೇ ಸಂಜೆ ಮೇಡಂ ಪುಸ್ತಕವನ್ನು ನನ್ನ ಮನೆಗೆ ಕಳಿಸಿಕೊಟ್ಟರು, ನಿನಗೂ ಫೋನು ಮಾಡಿದ್ದಾರೆ, ನಿನಗೆ ಎಲ್ಲಾ ಗೊತ್ತಾಗಿದೆ. ಅದಕ್ಕೇ ನಿನ್ನೆ ನಿನ್ನ ದನಿ ಅಷ್ಟು ಮೆತ್ತಗಿತ್ತು. ನಿನ್ನ ಕೋಪವನ್ನಾದರೂ ತಡೆದೇನು, ಆ ಮೆತ್ತಗಿನ ದನಿಯನ್ನು ತಡೆಯಲಾರೆ.

ತಾಯಿ ಪಾಪ, ತೆಲುಗಿನವಳು, ಅವ್ವ ಎಂದರೆ ಅಜ್ಜಿ ಎಂದು ತಿಳಿದಳು, ಹಳೆಯ ಪಾಲು-ಹಾಲಿನ ಕಥೆಯೇ ಇದೂ ಎಂದು ನೀನು ಅಂದುಕೊಂಡಿದ್ದರೆ ಹಾಗೆ ಅಂದುಕೊಳ್ಳಬೇಡ. ಇಪ್ಪತ್ತು ವರ್ಷ ಸಂಡೂರಿನ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವಳಿಗೆ ಅವ್ವ ಎಂದರೆ ಯಾರು ಎಂದು ಗೊತ್ತಿರುವುದಿಲ್ಲವೇ? ಬೀದಿಯ ಮಕ್ಕಳೆಲ್ಲಾ ಬಿದ್ದರೆ, ಹಸಿದರೆ ಕೂಗುತ್ತಿದ್ದದ್ದು ಅದನ್ನೇ. ಮೊದಲನೇ ಪುಟದಲ್ಲೇ ನನಗೆ ತಿಳಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಗಾದೆ ತೆಲುಗಿನಲ್ಲೂ ಇದೆ, ಇದನ್ನು ತಿಳಿಯಲು ನಿನ್ನ ಬೆರಳು ಬೇಕಾಗಲಿಲ್ಲ. ಗೊತ್ತಿದ್ದೂ ಸತ್ತವರ ಹೆಗಲಿಗೆ ದಾಟಿಸಿದೆ. ಅವರು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ.

ಆದರೆ ಒಂದು ಕೇಳುತ್ತೇನೆ, ಅಮ್ಮ ಎಂದು ಕರೆಯುವವಳು ಅವ್ವ ಎಂದು ಯಾಕೆ ಬರೆದೆ? ಓದುಗರಿಗೆ ಆ ಮಾತು ಹೆಚ್ಚು ಹತ್ತಿರ ಎಂದೋ? ಅಥವಾ, ಅಮ್ಮ ಓದಿದರೆ ಅಜ್ಜಿ ಎಂದುಕೊಳ್ಳಲಿ, ತಪ್ಪಿಸಿಕೊಳ್ಳಲಿ ಎಂದು ನನಗೆ ಹಿತ್ತಲ ಬಾಗಿಲು ತೆರೆದಿಟ್ಟೆಯೋ? ತೆರೆದಿಟ್ಟಿದ್ದರೆ ನಾನು ಅದರಿಂದಲೇ ಓಡಿದೆ, ಊರೆಲ್ಲ ನೋಡಿತು. ಇನ್ನು ಆ ಬಾಗಿಲು ಬೇಡ.

ಟಿಕೆಟ್ ಓದಿದ್ದು ನಾನು. ಇಲ್ಲ ಎನ್ನುವುದಿಲ್ಲ. ಹೇಗೆ ಓದಿದೆ ಎಂಬುದು ಈಗ ಬೇಡ. ಆಮೇಲಿನದನ್ನು ಮಾತಾಡೋಣ. ನಿನ್ನ ಕಥೆಯಲ್ಲಿ ಅಪ್ಪ ಎಲ್ಲಿ? ಹುಡುಕಿದೆ. ಒಂದೇ ಕಡೆ ಇದ್ದಾರೆ: 'ಅಪ್ಪ ಮೈಯೆಲ್ಲಾ ಕೆಂಪು ಧೂಳು ಮೆತ್ತಿಕೊಂಡು ದಣಿದು ಬಂದರು, ಯಾರೊಡನೆಯೂ ಮಾತಾಡದೆ ಊಟ ಮಾಡಿ ಮಲಗಿದರು.' ಎಷ್ಟು ಚೆನ್ನಾಗಿ ಬರೆದಿದ್ದೀಯ. ಓದಿದವರಿಗೆ ಅಯ್ಯೋ ಎನಿಸುತ್ತದೆ. ನಿನ್ನ ಪುಸ್ತಕಗಳನ್ನು ಅಂಗಳಕ್ಕೆ ಎಸೆದದ್ದು ಯಾರು? ಬೆಲ್ಟು ಬಿಚ್ಚಿದ್ದು ಯಾರು? ಊರಿಗೆ ಫೋನು ಮಾಡಿ ನನ್ನ ತಮ್ಮನಿಗೆ, ಹುಡುಗಿಯನ್ನು ಕರೆದುಕೊಂಡು ಹೋಗು, ಇಲ್ಲಿದ್ದರೆ ಮಾನ ಹೋಗುತ್ತದೆ ಎಂದು ಮಾತು ಕೊಟ್ಟದ್ದು ಯಾರು? ನಾನು ಬಾಗಿಲ ಹತ್ತಿರ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅದನ್ನು ಬರೆ. ನಿಂತಿದ್ದಳು ಎಂದು ಬರೆ, ಒಪ್ಪುತ್ತೇನೆ. ಆದರೆ ಆ ಮೂರೂ ಕೆಲಸವನ್ನು ಯಾರೂ ಮಾಡದ ಹಾಗೆ, ತಾವಾಗಿಯೇ ಆದ ಹಾಗೆ ಬರೆದಿದ್ದೀಯ. ಕಾಲೇಜು ನಿಂತಿತು, ಮದುವೆ ಗೊತ್ತಾಯಿತು. ಮಳೆ ಬಂತು ಅನ್ನುವ ಹಾಗೆ.

ಮತ್ತು ಆ ಕೊನೆಯ ಸಾಲು. 'ಓದಿದ್ದು ಸಾಕು.' ಆ ಮಾತನ್ನು ಆಡಿದ್ದು ನಿನ್ನ ಅಪ್ಪ, ತೆಲುಗಿನಲ್ಲಿ, ನಿನ್ನ ಎದುರೇ. ನೀನು ಅದನ್ನು ಕನ್ನಡ ಮಾಡಿ ನನ್ನ ಬಾಯಲ್ಲಿ ಇಟ್ಟಿದ್ದೀಯ. ನಾನು ನನ್ನ ಆಯುಷ್ಯದಲ್ಲಿ ಯಾರಿಗೂ ಹಾಗೆ ಹೇಳಿದವಳಲ್ಲ. ಓದು ಸಾಕು ಎಂದು ನನ್ನ ಅಪ್ಪ ನನಗೆ ಏಳನೇ ಕ್ಲಾಸಿನಲ್ಲಿ ಹೇಳಿದ್ದ. ಆ ಮಾತಿನ ರುಚಿ ನನಗೆ ಗೊತ್ತಿದೆ.

ಯಾಕೆ ಹಾಗೆ ಬರೆದೆ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ನನಗೆ ಅನ್ನಿಸಿದ್ದು ಹೇಳುತ್ತೇನೆ, ತಪ್ಪಿದ್ದರೆ ಆಮೇಲೆ ತಿದ್ದು. ನಿನ್ನ ಅಪ್ಪನನ್ನು ನೀನು ಕ್ಷಮಿಸಿದ್ದೀಯ, ಅವರಿಗೆ ಏನೂ ತಿಳಿಯುವುದಿಲ್ಲ ಎಂದು. ಅವರು ಓದಿದವರಲ್ಲ, ನಿನ್ನ ಲೋಕ ಅವರಿಗೆ ಗೊತ್ತಿಲ್ಲ, ಪಾಪ ದುಡಿದು ಬಂದವರು. ನಾನು ಹಾಗಲ್ಲ. ನಿನ್ನ ಬೆರಳ ಮೇಲೆ ಬೆರಳಿಟ್ಟು ನಿನ್ನ ಲೋಕಕ್ಕೆ ಬಂದವಳು. ಓದಲು ಕಲಿತವಳು ಮಾಡಿದ್ದು ಮೋಸ, ಕಲಿಯದವರು ಮಾಡಿದ್ದು ಮುಗ್ಧತನ. ಇದು ಯಾವ ನ್ಯಾಯ? ನಾನೂ ಶನಿವಾರ ಮನೆಯಲ್ಲಿ ಕಾಲು ಚಾಚಿ ಮಲಗಿದ್ದರೆ ಇವತ್ತು ನನ್ನ ಮೈಮೇಲೂ ಕೆಂಪು ಧೂಳು ಹಾಕಿ ಒಂದು ಚೆಂದದ ವಾಕ್ಯ ಬರೆಯುತ್ತಿದ್ದೆ.

ನಿನ್ನ ಕಥೆಯಲ್ಲಿ ಬಿಟ್ಟದ್ದು ಇನ್ನೂ ಇದೆ. ವರ್ಷ ಕಳೆದ ಮೇಲೆ ನೀನು ಮೇಡಂ ಮನೆಗೆ ನಡೆದು ಹೋದೆ. ಅವರು ಬಂದು ನಿನ್ನ ಅಪ್ಪನ ಎದುರು ಕೂತು, ಕೂಗಾಡಿ, ನಿನ್ನನ್ನು ಹೊಸಪೇಟೆಯ ಹಾಸ್ಟೆಲಿಗೆ ಸೇರಿಸಿದರು. ನನ್ನ ತಮ್ಮನಿಗೆ ಬೇರೆ ಹುಡುಗಿ ಸಿಕ್ಕಳು. ಲಿಂಗರಾಜ ಕಂಪ್ಲಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನಂತೆ, ಎರಡು ಮಕ್ಕಳಂತೆ. ಎಲ್ಲರದೂ ಒಂದು ದಾರಿಯಾಯಿತು. ನೀನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೀಯ, ಯುಗಾದಿಗೆ, ದೀಪಾವಳಿಗೆ ಮನೆಗೆ ಬರುತ್ತೀಯ, ಒಬ್ಬಟ್ಟು ತಿಂದು ಕೊನೆಯ ಬಸ್ಸಿಗೆ ಎದ್ದು ಹೋಗುತ್ತೀಯ. ಒಂದು ದಿನವೂ ನಮ್ಮ ಮನೆಯಲ್ಲಿ ಮಲಗಿಲ್ಲ. ಹಾಸಿಗೆ ಹಾಸಿ, ಮಡಚಿ ಇಡುವುದು ನನಗೆ ರೂಢಿಯಾಗಿದೆ.

ಇಷ್ಟೆಲ್ಲಾ ಬೈದರೂ ಒಂದು ಮಾತು ಹೇಳದೆ ಇರಲಾರೆ. ಆ ದಿನ ಹಂಪಿಯಲ್ಲಿ ನೀನು ಏನು ಮಾಡಿದೆ ಎಂದು ನಾನು ಇಷ್ಟು ವರ್ಷ ಕೇಳಲಿಲ್ಲ. ಏನೇನೋ ಊಹಿಸಿದ್ದೆ. ನಿನ್ನ ಪುಸ್ತಕ ಓದಿ ತಿಳಿಯಿತು, ನೀವು ಕಥೆ ಓದಿಕೊಂಡಿರಿ, ಮೂಸಂಬಿ ತಿಂದಿರಿ, ನೀನು ನಿನ್ನ ಕಥೆ ಓದುವಾಗ ಲಿಂಗರಾಜ ಹೊಳೆಯ ಕಡೆ ನೋಡುತ್ತಾ ಕೂತಿದ್ದ. ಅಷ್ಟೇ. ಆ ಭಾಗವನ್ನು ನಾನು ಮನೆಯಲ್ಲಿ ಮತ್ತೆ ಓದಿದೆ. ಮಗಳು ಒಂದು ದಿನ ಅಷ್ಟು ಸಂತೋಷವಾಗಿದ್ದಳು ಎಂದು ತಿಳಿಯಲು ನನಗೆ ನಿನ್ನ ಪುಸ್ತಕವೇ ಬೇಕಾಯಿತು. ಆ ಸಂತೋಷವನ್ನು ನೋಡುವ ಬದಲು ನಾನು ನೋಡಿದ್ದು ಅದರ ಟಿಕೆಟನ್ನು.

ಭಾನುವಾರ ಬರುತ್ತೇನೆ. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇವೆ, ನಿನ್ನ ಅಪ್ಪನೂ ನಾನೂ. ಬೇರೆ ಪುಟ ಬೇಡ, ಅದೇ ಪುಟ ಇರಲಿ. ನಿನ್ನ ಬೆರಳು ಕೆಳಗೆ, ನನ್ನ ಬೆರಳು ಮೇಲೆ. ಈ ಸಲ ನೀನು ಸುಮ್ಮನಿರು, ವಾಕ್ಯ ಓದುವವಳು ನಾನು. ಅವ್ವ ಎಂದು ಅಚ್ಚಾಗಿರುವ ಕಡೆಯೆಲ್ಲಾ ನಾನು ಅಮ್ಮ ಎಂದು ಓದುತ್ತೇನೆ. ಅಮ್ಮ ಟಿಕೆಟ್ ಓದಿದಳು. ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು ಎಂದು ನೀನು ಬರೆದಿಲ್ಲ, ಅದನ್ನು ನಾನೇ ಸೇರಿಸಿಕೊಳ್ಳುತ್ತೇನೆ. ನಿನ್ನ ಹೊಸಪೇಟೆಯ ದೊಡ್ಡವರೆಲ್ಲಾ ಕೇಳಲಿ. ಯಾವ ಅವ್ವ ಎಂದು ಇನ್ನು ಯಾರೂ ಯಾರನ್ನೂ ಕೇಳುವುದು ಬೇಡ.

ಕೊನೆಯ ಸಾಲಿನಲ್ಲಿ ಮಾತ್ರ ನಾನು, 'ಓದಿದ್ದು ಸಾಕು, ಅಂದರು ಅಪ್ಪ' ಎಂದು ಓದುತ್ತೇನೆ. ಅವರು ಮುಂದಿನ ಸಾಲಿನಲ್ಲಿ ಹೊಸ ಅಂಗಿ ಹಾಕಿಕೊಂಡು ಕೂತಿರುತ್ತಾರೆ. ಅವರಿಗೆ ಓದಲು ಬರುವುದಿಲ್ಲ, ಕೇಳಿದರೆ ಕನ್ನಡ ಚೆನ್ನಾಗಿ ತಿಳಿಯುತ್ತದೆ. ಆಗ ನೀನು ನನ್ನ ಬೆರಳ ಕೆಳಗಿನಿಂದ ನಿನ್ನ ಬೆರಳನ್ನು ಎಳೆದುಕೊಳ್ಳಬೇಡ, ಕೆಮ್ಮಬೇಡ, ಮೈಕಿಗೆ ಕೈ ಅಡ್ಡ ಹಿಡಿಯಬೇಡ. ಮೇಡಂ ಹೇಳಿಕೊಟ್ಟದ್ದು ನಿನಗೆ ಗೊತ್ತಿದೆ. ಪುಟ ಮುಗಿಯುವ ತನಕ ತಿದ್ದಬಾರದು.

ಇಂತಿ,
ನಿನ್ನ ಅಮ್ಮ
ಸುವರ್ಣಮ್ಮ

ತಾ.ಕ.: ಕವರನ್ನು ಅಂಟಿಸಿ ಮತ್ತೆ ಬಿಚ್ಚಿದೆ, ಗಂಜಿ ಇನ್ನೂ ಹಸಿಯಿತ್ತು. ಟಿಕೆಟ್ ಹೇಗೆ ಓದಿದೆ ಎಂಬುದು ಬೇಡ ಎಂದೆನಲ್ಲ, ಅದನ್ನು ಬಿಟ್ಟರೆ ನಾನೂ ನಿನ್ನ ಹಾಗೆಯೇ ಬರೆದಂತಾಗುತ್ತದೆ. ಬಟ್ಟೆ ಒಗೆಯುವಾಗ ಸಿಕ್ಕಿತು ಎಂದು ನೀನು ಊಹಿಸಿ ಬರೆದಿದ್ದೀಯ. ನೀನು ಆಗ ಮನೆಯಲ್ಲಿರಲಿಲ್ಲ. ಅದು ನನಗೆ ಸಿಕ್ಕಿದ್ದಲ್ಲ, ಎರ್ರೆಮ್ಮನಿಗೆ ಸಿಕ್ಕಿದ್ದು. ಅವರಿಗೆ ಯಾವ ಅನುಮಾನವೂ ಇರಲಿಲ್ಲ. ನಿನ್ನ ಅಪ್ಪ ಊಟಕ್ಕೆ ಕೂತಿದ್ದರು. ಮಹಾ ಓದುತ್ತೀಯಂತಲ್ಲ, ಇದರಲ್ಲಿ ಏನಿದೆ ಓದು ನೋಡೋಣ ಎಂದು ಅತ್ತೆ ತಮಾಷೆಗೆ ನನ್ನ ಮುಂದೆ ಹಿಡಿದರು. ನಿನ್ನ ಅಪ್ಪನೂ ತಲೆ ಎತ್ತಿ ನೋಡಿದರು. ಆ ಮನೆಯಲ್ಲಿ ಅದುವರೆಗೆ ಯಾರೂ ನನ್ನ ಕೈಗೆ ಓದಲು ಏನನ್ನೂ ಕೊಟ್ಟಿರಲಿಲ್ಲ. ಸಂಡೂರು ಎಂದು ಓದಿದ್ದರೆ ಅದು ಸಂಡೂರೇ ಆಗಿರುತ್ತಿತ್ತು, ಇಲ್ಲ ಎನ್ನಲು ಅವರಿಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ. ಕೈ ಒರೆಸಿಕೊಂಡೆ, ಬೆಳಕಿಗೆ ಹಿಡಿದೆ, ನೀನಿಲ್ಲದೆ ನನ್ನದೇ ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದೆ, ಹೊಸಪೇಟೆ, ಹಂಪಿ, ತಾರೀಕು, ಎಲ್ಲಾ. ಓದಿ ಮುಗಿಸಿ ನಕ್ಕೆ. ನಿನ್ನ ಅಪ್ಪನ ಕೈ ತಟ್ಟೆಯಲ್ಲೇ ನಿಂತಿದ್ದನ್ನು ಆಮೇಲೆ ನೋಡಿದೆ. ಒಂದಕ್ಷರವೂ ತಪ್ಪಿರಲಿಲ್ಲ.